ಕಾಣದ ತಂತಿ

ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಯಾರೂ ಒಬ್ಬರೇ ಕೇಳುವ ಹಾಗಿಲ್ಲ.

ಒಬ್ಬರೇ ಉಣ್ಣಬಹುದು. ಒಬ್ಬರೇ ಅಳಬಹುದು. ಒಬ್ಬರೇ ಕೂತು ಗೋಡೆ ನೋಡಬಹುದು. ಕೇಳುವುದು ಮಾತ್ರ ಎಲ್ಲರೂ ಕೂಡಿ. ಯಾರು ಮಾಡಿದ ಕಟ್ಟಳೆ, ಯಾಕೆ ಮಾಡಿದ್ದು, ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಅದು ಗಟ್ಟಿಯಾಗಿ ನಿಂತಿತ್ತು.

ಆ ಊರಿಗೂ ಫೋನು ಬಂದಿತ್ತು. ಹೊರಗಿನವರು ಕಳಿಸಿದ ಮಾತು ಫೋನಿನೊಳಗೆ ಬಂದು ಕೂರುತ್ತಿತ್ತು. ಬಿಸಿಲು ಇಳಿಯುವವರೆಗೆ ಕಾಯುತ್ತಿತ್ತು. ಬಿಸಿಲು ಇಳಿದಾಗ ಜನ ಫೋನನ್ನು ಅಂಗೈಯಲ್ಲಿ ಎತ್ತಿ ಹಿಡಿದುಕೊಂಡು ಊರ ನಡುವಿನ ಕಲ್ಲುಕಟ್ಟೆಗೆ ಬರುತ್ತಿದ್ದರು. ಸಾಲಾಗಿ ಇಡುತ್ತಿದ್ದರು. ಕಟ್ಟೆಯ ಹಿರಿಯ ಒಂದೊಂದನ್ನೇ ಮುಟ್ಟುತ್ತಿದ್ದ. ಮುಟ್ಟಿದ ಫೋನು ತನ್ನೊಳಗಿನ ಮಾತನ್ನೆಲ್ಲ ಗಟ್ಟಿಯಾಗಿ ಆಡುತ್ತಿತ್ತು. ಸಾವಿನ ಸುದ್ದಿ, ಮದುವೆಯ ಸುದ್ದಿ, ಬೈಗುಳ, ಮುದ್ದು ಎಲ್ಲವೂ. ಆಡಿ ಮುಗಿದ ಮೇಲೆ ಹಿರಿಯ ಕೇಳುತ್ತಿದ್ದ:

"ಕೇಳಿತೆ?"

"ಕೇಳಿತು" ಎನ್ನುತ್ತಿತ್ತು ಊರು.

ಆಮೇಲೆ ಮುಂದಿನ ಫೋನು.

ಹೊರಗಿನಿಂದ ಯಾರಾದರೂ ಕಿವಿಗೆ ತಂತಿ ಸಿಕ್ಕಿಸಿಕೊಂಡು ಬಂದರೆ ಊರಬಾಗಿಲಲ್ಲಿ ತೆಗೆಸುತ್ತಿದ್ದರು. ತೆಗೆದ ತಂತಿಯನ್ನು ಬಾಗಿಲ ಪಕ್ಕದ ಜಾಲಿಮರದ ಮುಳ್ಳಿಗೆ ತೂಗುಹಾಕುತ್ತಿದ್ದರು. ವರ್ಷ ಕಳೆದಂತೆ ಮರದಲ್ಲಿ ಎಲೆಗಿಂತ ತಂತಿಯೇ ಹೆಚ್ಚಾಯಿತು. ಊರಿನವರಲ್ಲಿ ಯಾರಾದರೂ ಒಬ್ಬರೇ ಕೇಳಿದರೆ ಆ ಮರದ ಕೆಳಗಿಂದ ಹೊರಗೆ ಹೋಗಬೇಕು. ಹೋದವರು ಮತ್ತೆ ಒಳಗೆ ಬರುವ ಹಾಗಿಲ್ಲ.

ಈ ಊರಿನಲ್ಲಿ ಒಬ್ಬ ಹಗ್ಗದವನಿದ್ದ. ಕತ್ತಾಳೆ ನಾರು ಹೊಸೆದು ಹಗ್ಗ ಮಾಡುವವನು. ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಂದೆ ಹಿಂದೆ ನಡೆಯುವುದು ಅವನ ಕೆಲಸ. ಹೊಸೆಯುತ್ತ ಹಿಂದಕ್ಕೆ ಹೋದಷ್ಟೂ ಹಗ್ಗ ಮುಂದಕ್ಕೆ ಬೆಳೆಯುತ್ತಿತ್ತು. ಹಿಂದೆ ಏನಿದೆ ಎಂದು ಅವನಿಗೆ ಕಾಣುತ್ತಿರಲಿಲ್ಲ. ಅವನ ಹೆಂಡತಿ ನಾರು ಬಿಡಿಸಿ ಕೊಡುತ್ತಿದ್ದಳು. ಅವಳ ತವರು ಹೊಳೆಯ ಆಚೆ. ಹೊಳೆಗೆ ಸೇತುವೆ ಇರಲಿಲ್ಲ. ಒಂದು ದೋಣಿ ಇತ್ತು. ದೋಣಿಗೊಬ್ಬ ದೋಣಿಯವನಿದ್ದ.

ಒಂದು ದಿನ ಹಗ್ಗದವನು ಹೊಳೆಯ ಕಡೆ ಹೋದಾಗ ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದಳು. ದೋಣಿಯವನು ದೋಣಿಯಲ್ಲಿ ನಿಂತಿದ್ದ. ಅವನು ಏನೋ ಹೇಳಿದ. ಅವಳು ನಕ್ಕಳು. ಅಷ್ಟೇ.

ಅಷ್ಟು ಸಾಕಾಯಿತು.

"ಏನಂದ ಅವನು?" ಎಂದು ಮನೆಗೆ ಬಂದ ಮೇಲೆ ಕೇಳಿದ.

"ಯಾರು?"

"ಯಾರು ಅಂತ ಬೇರೆ ಹೇಳಬೇಕಾ?"

"ಓ, ದೋಣಿಯವನಾ? ನಮ್ಮಮ್ಮ ಅವನ ದೋಣೀಲಿ ಕೂತ್ರೆ ದೋಣಿಗಿಂತ ಜಾಸ್ತಿ ಅವಳೇ ಅಲ್ಲಾಡ್ತಾಳಂತೆ. ಅದಕ್ಕೆ ನಗು ಬಂತು."

"ಅಷ್ಟಕ್ಕೆ ಅಷ್ಟು ನಗೋದಾ?"

"ಇಷ್ಟು ನಗಬೇಕು ಅಂತ ಅಳತೆ ಕೊಟ್ಟಿದ್ರೆ ಅಷ್ಟೇ ನಗ್ತಿದ್ದೆ" ಎಂದಳು ಅವಳು. ನಾರು ಬಿಡಿಸತೊಡಗಿದಳು.

ಅವನು ಮಾತು ಬೆಳೆಸಲಿಲ್ಲ. ಆದರೆ ಮರುದಿನ ಬೆಳಿಗ್ಗೆ, ಅವಳು ಸ್ನಾನಕ್ಕೆ ಹೋದಾಗ, ಗೂಡಿನಲ್ಲಿದ್ದ ಅವಳ ಫೋನನ್ನು ಎತ್ತಿಕೊಂಡ. ಅದರ ಮೇಲೆ ಒಂದು ಮಾತು ಬಂದು ಕೂತಿತ್ತು. 'ಅಮ್ಮ' ಎಂದಿತ್ತು ಹೆಸರು. ಅವನು ಬಹಳ ಹೊತ್ತು ಆ ಹೆಸರನ್ನೇ ನೋಡಿದ. ಅಮ್ಮ ಎಂದು ಬರೆದರೆ ಅಮ್ಮನೇ ಆಗಬೇಕೆ? ಯಾರ ಹೆಸರನ್ನು ಬೇಕಾದರೂ ಏನೆಂದು ಬೇಕಾದರೂ ಬರೆದುಕೊಳ್ಳಬಹುದು. ಸಂಜೆ ಕಟ್ಟೆಯ ಮೇಲೆ ಅದು ಅಮ್ಮನದೇ ಮಾತಾಗಿ ಹೊರಬಂತು. ಅವನಿಗೆ ಸಮಾಧಾನವಾಗಲಿಲ್ಲ. ಇವತ್ತಿನದು ಅಮ್ಮನದು. ನಾಳೆಯದು?

ಹೀಗೆ ದಿನವೂ ಅವಳು ಸ್ನಾನಕ್ಕೆ ಹೋದಾಗ ದಿನವೂ ಅವನು ಫೋನು ಎತ್ತಿಕೊಂಡ. ತಿರುಗಿಸಿ ನೋಡಿದ. ಮೂಸಿ ನೋಡಿದ. ಅಂಚಿನಲ್ಲಿದ್ದ ಸಣ್ಣ ತೂತಿಗೆ ಕಣ್ಣಿಟ್ಟು ನೋಡಿದ. ಒಳಗೆ ಯಾರೋ ಕೂತಿದ್ದಾರೆ ಎನ್ನುವ ಹಾಗೆ ಬೆರಳ ತುದಿಯಿಂದ ಒತ್ತಿ ನೋಡಿದ. ಉಸಿರು ಬಿಟ್ಟು ಊದಿದ. ಅವಳ ಹೆಜ್ಜೆ ಕೇಳಿದರೆ ಇದ್ದಲ್ಲಿಗೇ ಇಟ್ಟು ಹಗ್ಗದ ಕಡೆಗೆ ನಡೆದ.

ಒಂದು ಸಂಜೆ ಕಟ್ಟೆಯ ಮೇಲೆ ಅವಳ ಫೋನು ಮಾತಾಡಲಿಲ್ಲ.

ಹಿರಿಯ ಮುಟ್ಟಿದ. ಮಾತು ಬಂದು ಕೂತದ್ದು ಕಾಣುತ್ತಿತ್ತು. ಮಾತು ಓಡುತ್ತಿರುವ ಗೆರೆಯೂ ಕಾಣುತ್ತಿತ್ತು. ಸದ್ದಿಲ್ಲ. ಜನ ನಕ್ಕರು.

"ಗಂಟಲು ಕಟ್ಟಿದೆ ಅದಕ್ಕೆ. ಬಿಸಿನೀರು ಕುಡಿಸು" ಎಂದ ಒಬ್ಬ.

"ಗಂಡನ ಹಾಗೇ ಆಗಿದೆ. ಅವನೂ ಮಾತಾಡೋದಿಲ್ಲ" ಎಂದಳು ಒಬ್ಬಳು.

ಎರಡನೆಯ ಸಂಜೆಯೂ ಸದ್ದಿಲ್ಲ. ಆಗ ನಗು ಕಡಿಮೆಯಾಯಿತು. ಮೂರನೆಯ ಸಂಜೆ ಹಿರಿಯ ಫೋನನ್ನು ಕಣ್ಣಿನ ಹತ್ತಿರ ಹಿಡಿದ. ಪರದೆಯ ಮೇಲಂಚಿನಲ್ಲಿ ಒಂದು ಪುಟ್ಟ ಗುರುತು ಇತ್ತು. ಎರಡು ದುಂಡನೆಯ ತುದಿ, ನಡುವೆ ಒಂದು ಬಾಗು. ಹಿರಿಯನ ಕೈ ಸ್ವಲ್ಪ ಕೆಳಗಿಳಿಯಿತು.

"ಇದು ಹೆಡ್‌ಫೋನಿನ ಗುರುತು" ಎಂದ. "ಈ ಫೋನಿಗೆ ತಂತಿ ಹಾಕಿದೆ."

"ತಂತಿ ಎಲ್ಲಿದೆ ಯಜಮಾನರೇ?" ಎಂದು ಜನ ಕೇಳಿದರು.

"ಕಾಣುತ್ತಿಲ್ಲ. ಆದರೆ ಇದೆ. ಇದೆ ಅಂತ ಫೋನೇ ಹೇಳುತ್ತಿದೆ."

ಎಲ್ಲರೂ ಹಗ್ಗದವನ ಹೆಂಡತಿಯ ಕಡೆ ನೋಡಿದರು. ಅವಳು ಎರಡೂ ಕಿವಿಯ ಮೇಲಿನ ಕೂದಲು ಸರಿಸಿ ತೋರಿಸಿದಳು. ಕಿವಿಯಲ್ಲಿ ಓಲೆ ಬಿಟ್ಟರೆ ಏನೂ ಇರಲಿಲ್ಲ.

"ಅಮ್ಮ ಏನೋ ಕಳಿಸಿದ್ದಾಳೆ. ಸರಿ ಮಾಡಿಸಿಕೊಡಿ" ಎಂದಳು. "ಮೂರು ದಿನದ್ದು ಹಾಗೇ ಕೂತಿದೆ."

ಹಗ್ಗದವನಿಗೆ ಆ ಗುರುತು ಕಂಡಾಗ ಮೈಯೆಲ್ಲ ಬೆಚ್ಚಗಾಯಿತು. ಇಷ್ಟು ದಿನ ತಾನು ಊಹಿಸಿದ್ದು ಇದೇ. ಕಾಣದ ಒಂದು ತಂತಿ. ಒಂದು ತುದಿ ಅವಳ ಹತ್ತಿರ. ಇನ್ನೊಂದು ತುದಿ ಇನ್ನೊಬ್ಬನ ಹತ್ತಿರ. ಅವನು ಎದ್ದು ನಿಂತ. ಎಂದೂ ಕಟ್ಟೆಯ ಮೇಲೆ ಬಾಯಿ ತೆರೆಯದವನು ತೆರೆದ.

"ಇವಳು ಒಬ್ಬಳೇ ಕೇಳುತ್ತಾಳೆ" ಎಂದ.

ದೂರು ಮೂರು ಸಲ ಹೇಳಬೇಕು. ಮೂರು ಸಲವೂ ಹೇಳಿದ. ಮೂರನೆಯ ಸಲ ಹೇಳುವಾಗ ಅವಳು ಅವನನ್ನು ನೋಡಿದಳು. ಸಿಟ್ಟಿನಿಂದ ಅಲ್ಲ. ಗುರುತು ಹಿಡಿಯಲು ನೋಡುವವರ ಹಾಗೆ.

ಹಿರಿಯ ಕಟ್ಟಳೆ ಓದಿದ. ಮೂರು ಸಂತೆಯ ಗಡುವು. ಮೂರನೆಯ ಸಂತೆಯ ಸಂಜೆಯೊಳಗೆ ಫೋನು ಮಾತಾಡಿದರೆ ಸರಿ. ಇಲ್ಲವಾದರೆ ಅವಳು ಮರದ ಕೆಳಗಿಂದ ಹೊರಗೆ. ಅಲ್ಲಿಯವರೆಗೆ ಅವಳು ಊರು ಬಿಡುವ ಹಾಗಿಲ್ಲ, ಯಾರಿಗೂ ಮಾತು ಕಳಿಸುವ ಹಾಗಿಲ್ಲ. ದೂರು ಹೇಳಿದವನೇ ಫೋನನ್ನು ಇಟ್ಟುಕೊಳ್ಳಬೇಕು, ಅವನೇ ದುರಸ್ತಿ ಮಾಡಿಸಬೇಕು.

"ನಾಳೆಯೇ ಹೋಗಿ" ಎಂದಳು ಹೆಂಡತಿ. "ನನ್ನ ಮೇಲೆ ಏನು ಸಂಶಯ ಇದ್ದರೂ ಇರಲಿ. ಅಮ್ಮ ದಿನಾ ಮಾತಾಡೋಳಲ್ಲ. ಮೂರು ದಿನ ಬಿಡದೆ ಕಳಿಸಿದ್ದಾಳೆ ಅಂದ್ರೆ ಏನೋ ಇದೆ."

"ಅಮ್ಮನೋ?" ಎಂದ ಅವನು.

"ಮತ್ತೆ ಇನ್ಯಾರು?"

"ಅದನ್ನೇ ನಾನೂ ಕೇಳ್ತಿರೋದು."

ಅವನು ಮರುದಿನ ಹೋಗಲಿಲ್ಲ. ದುರಸ್ತಿಗೆ ಮೊದಲು ಅವನಿಗೆ ಇನ್ನೊಂದು ತುದಿ ಬೇಕಾಗಿತ್ತು. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರೆಲ್ಲ ತಿರುಗಿದ. ಗಂಡಸರ ಕಿವಿ ನೋಡಿದ. ಗಾಣದವನ ಕಿವಿಯಲ್ಲಿ ಕೂದಲಿತ್ತು. ಕುಂಬಾರನ ಕಿವಿಯಲ್ಲಿ ಮಣ್ಣಿತ್ತು. ಕ್ಷೌರದವನ ಕಿವಿ ಒಂದು ದೊಡ್ಡದು ಒಂದು ಸಣ್ಣದು. ಇಷ್ಟು ವರ್ಷ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಏನಣ್ಣ, ಕಿವಿ ಕೊಂಡುಕೊಳ್ಳೋಕೆ ಬಂದಿದ್ದೀಯಾ?" ಎಂದ ಕ್ಷೌರದವನು.

"ಯಾರ ಮಾತು ಕೇಳ್ತಿದ್ದೀಯ ಅಂತ ನೋಡ್ತಿದ್ದೀನಿ."

"ನಿಂದೇ ಕಣಯ್ಯ. ಬೇರೆ ಯಾರು ಇದ್ದಾರೆ ಇಲ್ಲಿ?"

ಮೊದಲ ಸಂತೆ ಹೀಗೆ ಕಳೆಯಿತು. ಫೋನಿನೊಳಗೆ ಇನ್ನೊಂದು ಮಾತು ಬಂದು ಕೂತಿತು. ಮತ್ತೆ 'ಅಮ್ಮ' ಎಂದಿತ್ತು.

ಎರಡನೆಯ ಸಂತೆಯ ಹೊತ್ತಿಗೆ ಅವನು ಹೊಳೆಗೆ ಹೋದ. ದೋಣಿ ಮೆಟ್ಟಿಲಿಗೆ ಕಟ್ಟಿತ್ತು. ಕಟ್ಟಿದ್ದು ಅವನೇ ಹೊಸೆದ ಹಗ್ಗದಿಂದ. ದೋಣಿಯವನ ಕೈಯಲ್ಲಿ ಬಟ್ಟೆ ಕಟ್ಟಿದ ಒಂದು ಜಾಡಿ ಇತ್ತು.

"ಅಣ್ಣ, ಒಳ್ಳೇದಾಯ್ತು ಸಿಕ್ಕಿದ್ದು" ಎಂದ ದೋಣಿಯವನು. "ಅತ್ತಿಗೇನ ಸ್ವಲ್ಪ ಕರೀರಿ. ಅವರಿಗೆ ಒಂದು ಮಾತು ಹೇಳಬೇಕು."

"ಅವಳಿಗೇ ಹೇಳಬೇಕಾ?"

"ಅವರಿಗೇ ಹೇಳು ಅಂದಿದ್ದಾರೆ."

"ಯಾರು?"

"ಆಚೆ ದಡದೋರು. ಅದೇ ಅಣ್ಣ, ಅವರ—"

ಹಗ್ಗದವನು ಮುಂದೆ ಕೇಳಲಿಲ್ಲ. ಮೆಟ್ಟಿಲು ಇಳಿದು ಹಗ್ಗ ಬಿಚ್ಚಿದ. ಸುತ್ತಿ ಹೆಗಲಿಗೆ ಹಾಕಿಕೊಂಡ. ಕಾಲಿನಿಂದ ದೋಣಿಯನ್ನು ಒದ್ದು ನೀರಿಗೆ ತಳ್ಳಿದ.

"ಹಗ್ಗ ನನ್ನದು" ಎಂದ. "ಇನ್ನು ಈ ದಡಕ್ಕೆ ಕಟ್ಟೋಕೆ ನಿನಗೆ ಹಗ್ಗ ಇಲ್ಲ."

ದೋಣಿ ತಿರುಗುತ್ತ ಹೊಳೆಯ ನಡುವಿಗೆ ಹೋಯಿತು. ದೋಣಿಯವನು ಜಾಡಿ ಎತ್ತಿ ಹಿಡಿದು ಏನೋ ಕೂಗಿದ. ಮತ್ತೆ ಕೂಗಿದ. ಹಗ್ಗದವನು ಎರಡೂ ಅಂಗೈಯಿಂದ ಎರಡೂ ಕಿವಿ ಮುಚ್ಚಿಕೊಂಡ. ದಡದಲ್ಲಿ ಅವನೊಬ್ಬನೇ ಇದ್ದ. ಒಬ್ಬನೇ ಕೇಳುವ ಹಾಗಿರಲಿಲ್ಲ. ಕಟ್ಟಳೆ ಪಾಲಿಸಿದ ಹೆಮ್ಮೆಯಿಂದ ಅವನು ಮನೆಗೆ ಬಂದ.

"ದೋಣಿ ಬಂದಿತ್ತಾ?" ಎಂದು ಹೆಂಡತಿ ಕೇಳಿದಳು.

"ಇನ್ನು ಬರೋದಿಲ್ಲ."

ಅವಳ ಕೈಯಲ್ಲಿದ್ದ ನಾರು ಸಿಕ್ಕಾಯಿತು. ಬಿಡಿಸಲು ಹೋಗಲಿಲ್ಲ. "ಇವತ್ತಾದರೂ ದುರಸ್ತಿಗೆ ಕೊಡಿ" ಎಂದಳು. "ನಿಮ್ಮ ಕಾಲಿಗೆ ಬೀಳ್ತೀನಿ." ನಿಜವಾಗಿಯೂ ಬಿದ್ದಳು. ಅವನಿಗೆ ಕಾಲ ಮೇಲೆ ಅವಳ ಹಣೆ ತಗುಲಿದ್ದು ಗೊತ್ತಾಯಿತು. ಆದರೆ ಅವನ ಮನಸ್ಸು ಕೇಳಿದ್ದು ಬೇರೆಯೇ: ಆ ಮಾತುಗಳಿಗಾಗಿ ಇವಳು ಇಷ್ಟು ಬಗ್ಗುತ್ತಾಳಲ್ಲ, ನನಗಾಗಿ ಎಂದಾದರೂ ಬಗ್ಗಿದ್ದಾಳೆಯೆ?

ಮೂರನೆಯ ಸಂತೆಯ ದಿನ ಬಂತು. ಬೆಳಿಗ್ಗೆ ಬೇರೆ ದಾರಿ ಇರಲಿಲ್ಲ. ಅವನು ದುರಸ್ತಿಯ ಮುದುಕಿಯ ಅಂಗಡಿಗೆ ಹೋದ.

ಮುದುಕಿಗೆ ಕಿವಿ ಕೇಳುತ್ತಿರಲಿಲ್ಲ. ಅದಕ್ಕೇ ಊರು ತನ್ನ ಫೋನುಗಳನ್ನೆಲ್ಲ ನಂಬಿ ಆಕೆಯ ಕೈಗೆ ಕೊಡುತ್ತಿತ್ತು. ಫೋನಿನ ಬೆನ್ನಿಗೆ ಬೆರಳಿಟ್ಟು, ಅದು ನಡುಗುವುದನ್ನು ಮುಟ್ಟಿ, ಸದ್ದು ಬಂತೋ ಇಲ್ಲವೋ ಹೇಳುತ್ತಿದ್ದಳು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು.

"ಬಾಯಿ ಸರಿಯಾಗಿ ತೆಗೆದು ಹೇಳಪ್ಪ. ಹಲ್ಲು ಕಚ್ಚಿಕೊಂಡು ಹೇಳಿದರೆ ನನಗೆ ಗೊತ್ತಾಗೋದಿಲ್ಲ."

ಅವನು ಹೇಳಿದ. ಮುದುಕಿ ಫೋನನ್ನು ಆರಿಸಿ ಮತ್ತೆ ಹೊತ್ತಿಸಿದಳು. ಗುರುತು ಹಾಗೇ ಇತ್ತು. ತೂತನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಸೂಜಿಯ ತುದಿಗೆ ಒಂದು ಚೂರು ಹತ್ತಿ ಸುತ್ತಿದಳು. ಬಹಳ ಮೆಲ್ಲಗೆ ಒಳಗೆ ಹಾಕಿ ತಿರುಗಿಸಿ ಎಳೆದಳು. ಒಂದು ನಾರು ಬಂತು. ಮತ್ತೆ ಹಾಕಿದಳು. ಇನ್ನೊಂದು ಬಂತು. ಹಾಕಿದಷ್ಟೂ ಬಂತು. ಕೊನೆಗೆ ಅಂಗೈಯಲ್ಲಿ ಒಂದು ಸಣ್ಣ ಉಂಡೆಯಾಯಿತು. ಹೊಂಬಣ್ಣದ ನಾರು, ಬೆವರಿನಿಂದ ಗಟ್ಟಿಯಾದದ್ದು.

"ಕತ್ತಾಳೆ" ಎಂದಳು ಮುದುಕಿ.

ಊರಿನಲ್ಲಿ ಕತ್ತಾಳೆ ಹೊಸೆಯುವವನು ಒಬ್ಬನೇ.

"ಗಾಳಿಗೆ ಬಂದಿರಬೇಕು" ಎಂದ ಅವನು.

"ಗಾಳಿ ಬೆರಳು ಇಟ್ಟು ತುರುಕುತ್ತಾ?"

ಅವನು ತನ್ನ ಬೆರಳುಗಳನ್ನು ಮಡಿಸಿಕೊಂಡ. ಮುದುಕಿ ಉಂಡೆಯನ್ನು ಊದಿ ಹಾರಿಸಿದಳು. ಮತ್ತೆ ಪರದೆ ನೋಡಿದಳು. ತಲೆ ಆಡಿಸಿದಳು.

"ಕಸ ಹೋಯಿತು. ಗುರುತು ಹೋಗಲಿಲ್ಲ."

"ಯಾಕೆ?"

"ಒಳಗೆ ಏನೋ ಇದೆ ಅಂತ ನಂಬಿಬಿಟ್ಟಿದೆ. ಇಲ್ಲ ಇಲ್ಲ ಅಂತ ನಾನು ಎಷ್ಟು ಹೇಳಿದರೂ ಕೇಳೋದಿಲ್ಲ. ಇಂಥದ್ದಕ್ಕೆ ಒಂದೇ ಉಪಾಯ. ನಿಜವಾದ ತಂತಿಯನ್ನೇ ಹಾಕಬೇಕು, ತೆಗೀಬೇಕು. ಹಾಕಬೇಕು, ತೆಗೀಬೇಕು. ಹತ್ತು ಸಲ. ಇದ್ದಾಗ ಹೇಗಿರುತ್ತೆ, ಇಲ್ಲದಾಗ ಹೇಗಿರುತ್ತೆ ಅಂತ ಅದಕ್ಕೆ ಮತ್ತೆ ತಿಳೀಬೇಕು."

"ತಂತಿ ಎಲ್ಲಿ ತರಲಿ?"

"ಮರದಲ್ಲಿದೆ. ನಾನು ಮುಟ್ಟೋದಿಲ್ಲ. ನೀನು ದೂರು ಹೇಳಿದವನು, ನೀನೇ ಮುಟ್ಟಬೇಕು." ಅವಳು ಫೋನನ್ನು ಅವನ ಕೈಗೆ ಇಟ್ಟು, ಕೈ ಬಿಡದೆ ಹಿಡಿದುಕೊಂಡಳು. "ಹಾಕು, ತೆಗಿ. ಕಿವಿಗೆ ಇಟ್ಟುಕೊಳ್ಳಬೇಡ."

ಜಾಲಿಮರದ ಕೆಳಗೆ ಮಧ್ಯಾಹ್ನ ಯಾರೂ ಇರಲಿಲ್ಲ. ಊರೆಲ್ಲ ಸಂತೆಯಲ್ಲಿತ್ತು. ಅವನು ಕೈ ಚಾಚಿ ಮುಳ್ಳಿನಿಂದ ಒಂದು ತಂತಿ ಬಿಡಿಸಿಕೊಂಡ. ಬಿಸಿಲು ತಿಂದು ಬಿಳಿಚಿದ ತಂತಿ. ತುದಿಯಲ್ಲಿ ಎರಡು ಗುಂಡಿ. ಅವನು ಹಾಕಿದ, ತೆಗೆದ. ಹಾಕಿದ, ತೆಗೆದ. ಗುರುತು ಹಾಗೇ ಇತ್ತು. ನಾಲ್ಕು, ಐದು, ಆರು. ಏಳನೆಯ ಸಲ ತೆಗೆದಾಗ ಗುರುತು ಒಮ್ಮೆ ನಡುಗಿತು. ಎಂಟನೆಯ ಸಲ ಮಾಯವಾಗಿ ಮತ್ತೆ ಬಂತು. ಒಂಬತ್ತನೆಯ ಸಲ ತೆಗೆದಾಗ ಮಾಯವಾಯಿತು. ಬರಲಿಲ್ಲ.

ಸರಿಹೋಗಿತ್ತು. ಇನ್ನೊಂದು ಸಲ ಹಾಕಿ ತೆಗೆದರೆ ಹತ್ತು. ಸಂಜೆ ಕಟ್ಟೆಯ ಮೇಲೆ ಇಟ್ಟರೆ ಎಲ್ಲರ ಮುಂದೆ ಎಲ್ಲವೂ ಹೊರಗೆ ಬರುತ್ತದೆ.

ಎಲ್ಲರ ಮುಂದೆ. ಅದೇ ಅವನಿಗೆ ಆಗದ ಮಾತು. ಗಾಣದವನಿಗೂ ಕುಂಬಾರನಿಗೂ ಕ್ಷೌರದವನಿಗೂ ಅವನ ಹೆಂಡತಿಯ ಗುಟ್ಟು ಅವನ ಜೊತೆಗೇ ಗೊತ್ತಾಗಬೇಕೆ? ಮೂರು ಸಂತೆ ಬೆಂದವನು ಅವನು. ಮೊದಲು ಅವನಿಗೆ ಗೊತ್ತಾಗಬೇಕು. ಒಂದು ಗಳಿಗೆಯಾದರೂ ಮೊದಲು.

ಅವನು ಹತ್ತನೆಯ ಸಲ ತಂತಿ ಹಾಕಿದ. ಗುಂಡಿಗಳನ್ನು ಕಿವಿಗೆ ಇಟ್ಟುಕೊಂಡ.

ಏಳು ಮಾತುಗಳಿದ್ದವು. ಮೊದಲನೆಯದರಲ್ಲಿ ಅವನ ಅತ್ತೆ ಮಾತಾಡಿದಳು. "ಮಗಾ, ನಾನು ಕಣೇ. ನಿಮ್ಮೂರಿನೋರೆಲ್ಲ ಕೇಳ್ತಿರ್ತಾರಲ್ಲ, ಅವರಿಗೆಲ್ಲ ನನ್ನ ನಮಸ್ಕಾರ ಹೇಳು..." ಅವನು ಆ ಮಾತನ್ನು ದಾಟಿ ಅದರ ಹಿಂದೆ ಕಿವಿ ಇಟ್ಟ. ಹಿಂದೆ ಯಾರಿದ್ದಾರೆ? ಅತ್ತೆ ಏನೋ ಹೇಳಿದಳು, ತಾನೇ ನಕ್ಕಳು. ನಡುವೆ ಒಂದು ಕೆಮ್ಮು ಕೇಳಿತು. ದಪ್ಪ ಕೆಮ್ಮು. ಗಂಡಸಿನ ಕೆಮ್ಮು. ಅವನು ಗುಂಡಿಗಳನ್ನು ಬೆರಳಿನಿಂದ ಒತ್ತಿ ಹಿಡಿದ. ಮತ್ತೆ ಮೊದಲಿನಿಂದ ಕೇಳಿದ. ಮೂರು ಸಲ ಕೇಳಿದ ಮೇಲೆ ಗೊತ್ತಾಯಿತು. ಕೆಮ್ಮಿದ್ದು ಅತ್ತೆಯೇ.

ಎರಡನೆಯದರಲ್ಲಿ ಗಂಡಸಿಲ್ಲ. ಮೂರನೆಯದರಲ್ಲಿ ಬಾಗಿಲು ಕಿರುಗುಟ್ಟಿತು. ಯಾರು ಒಳಗೆ ಬಂದರು? ಆಡು ಕೂಗಿತು. ಆಡೇ. ನಾಲ್ಕನೆಯದರಲ್ಲಿ 'ದೋಣಿಯವನು' ಎನ್ನುವ ಶಬ್ದ ಬಂತು. ಅವನು ಅಲ್ಲಿಗೇ ನಿಲ್ಲಿಸಿ ಮತ್ತೆ ಕೇಳಿದ. ಜಾಡಿಯ ಮಾತು. ಐದು, ಆರು. ಅತ್ತೆಯ ದನಿ ಸಣ್ಣದಾಗುತ್ತ ಹೋಯಿತು. ದನಿ ಸಣ್ಣದಾದಷ್ಟೂ ಹಿಂದಿನ ಸದ್ದು ಚೆನ್ನಾಗಿ ಕೇಳುತ್ತದೆಂದು ಅವನಿಗೆ ಖುಷಿಯಾಯಿತು. ಹಿಂದೆ ಯಾರೂ ಇರಲಿಲ್ಲ.

ಏಳನೆಯದು ಅತ್ತೆಯದಲ್ಲ. ಹೆಂಡತಿಯ ಅಕ್ಕನದು.

"ಅಮ್ಮ ಹೋದಳು ಕಣೇ. ಮೊನ್ನೆ ಬೆಳಿಗ್ಗೆ. ನೀನು ಬರ್ತೀಯ ಅಂತ ಒಂದು ಹಗಲು ಇಟ್ಟುಕೊಂಡು ಕಾದೆವು. ದೋಣಿಯವನನ್ನು ಕಳಿಸಿದ್ದೆವು, ದಡಕ್ಕೆ ಬಿಡಲಿಲ್ಲವಂತೆ. ಇನ್ನೇನು ಹೇಳಲಿ?"

ಅಷ್ಟರಲ್ಲಿ ಮುಗಿಯಿತು.

ಅವನು ಮರದ ಕೆಳಗೆ ಕೂತ. ಮೂರು ಸಂತೆ ಹುಡುಕಿದ ಇನ್ನೊಬ್ಬ ಎಲ್ಲಿಯೂ ಇರಲಿಲ್ಲ. ಅವನು ಸಿಕ್ಕಿದ್ದರೆ ಒಳ್ಳೆಯದಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಹೆಂಡತಿಯ ನೆನಪಾಯಿತು. ಫೋನು ಸರಿಯಾಗಿದೆ. ಸುಮ್ಮನೆ ಕಟ್ಟೆಗೆ ಒಯ್ದು ಇಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅವಳು ತನ್ನ ತಾಯಿಯ ಸಾವನ್ನು ಊರೆಲ್ಲದರ ಜೊತೆ ನಿಂತು ಕೇಳುತ್ತಾಳೆ. ಹಿರಿಯ ಕೇಳಿತೆ ಎನ್ನುತ್ತಾನೆ. ಅವಳೂ ಕೇಳಿತು ಎನ್ನಬೇಕು. ಅದನ್ನು ನೆನೆದಾಗ ಅವನಿಗೆ ಕೂರಲಾಗಲಿಲ್ಲ. ಅವಳ ಅಳುವನ್ನು ಊರು ನೋಡುವುದು ಅವನಿಗೆ ಬೇಡವಾಗಿತ್ತು. ಅದು ಮರುಕವೋ ಹೊಟ್ಟೆಕಿಚ್ಚೋ, ಅವನೇ ಹೇಳಲಾರ.

ಮನೆಯ ಹಿಂದಿನ ಹಗ್ಗದ ಅಂಗಳದಲ್ಲಿ ಅವಳು ನಾರು ಬಿಡಿಸುತ್ತಿದ್ದಳು. ಗಡುವಿನ ದಿನವೂ ಕೆಲಸ ಬಿಟ್ಟಿರಲಿಲ್ಲ.

"ನಿನ್ನ ಅಮ್ಮ ಹೋದಳು" ಎಂದ.

ಅವಳು ತಲೆ ಎತ್ತಿದಳು. "ಯಾವಾಗ?"

"ಇವತ್ತಿಗೆ ಎಷ್ಟು ದಿನವೋ. ಮೊನ್ನೆ ಅಂದರು."

"ಯಾರು ಅಂದರು?"

ಅವನು ಸೊಂಟದಿಂದ ಫೋನು ತೆಗೆದ. ತಂತಿ ಜೊತೆಗೇ ಬಂತು. ಅವಳು ತಂತಿಯನ್ನು ನೋಡಿದಳು. ಅವನ ಕಿವಿಯನ್ನು ನೋಡಿದಳು. ಗುಂಡಿ ಒತ್ತಿದ ಕಡೆ ಕೆಂಪಗಾಗಿತ್ತು.

"ಎಲ್ಲಾ ಕೇಳಿದಿರಾ?"

"ಕೇಳಿದೆ."

"ನೋವಿತ್ತಾ ಅವಳಿಗೆ? ಏನಂದಳು?"

ಅವನು ತಂತಿಯನ್ನು ಬೆರಳಿಗೆ ಸುತ್ತತೊಡಗಿದ.

"ನನ್ನ ಬಗ್ಗೆ ಏನಾದರೂ ಅಂದಳಾ? ಬಯ್ದಳಾ, ಉತ್ತರ ಕೊಡಲಿಲ್ಲ ಅಂತ?"

ಅವನು ನೆನಪು ಮಾಡಿಕೊಂಡ. ಕೆಮ್ಮು ಬಂತು. ಕಿರುಗುಟ್ಟಿದ ಬಾಗಿಲು ಬಂತು. ಆಡು ಬಂತು. "ಕೆಮ್ಮುತ್ತಿದ್ದಳು" ಎಂದ.

"ಮತ್ತೆ?"

ಮತ್ತೆ ಏನೂ ಇರಲಿಲ್ಲ.

ಅವಳು ಎದ್ದಳು. ಸೆರಗಿನಿಂದ ನಾರು ಕೊಡವಿಕೊಂಡಳು. "ನೀವು ಕೇಳಲಿಲ್ಲ" ಎಂದಳು. "ಬರೀ ಹುಡುಕಿದಿರಿ. ಹುಡುಕೋದಕ್ಕೆ ಈ ಊರಲ್ಲಿ ಶಿಕ್ಷೆ ಇಲ್ಲ. ನೀವು ಹೆದರಬೇಡಿ."

ಅವನ ಕೈಯಿಂದ ಫೋನು ತೆಗೆದುಕೊಂಡಳು. ತಂತಿಯನ್ನೂ ತೆಗೆದುಕೊಂಡಳು. ಎರಡು ಗುಂಡಿಗಳನ್ನೂ ಎರಡು ಕಿವಿಗೆ ಇಟ್ಟುಕೊಂಡು, ಅಂಗಳ ದಾಟಿ, ಬೀದಿಗೆ ಇಳಿದಳು.

"ತೆಗಿ ಅದನ್ನ" ಎಂದು ಅವನು ಹಿಂದೆ ಓಡಿದ. "ನಡುಬೀದೀಲಿ ಹಾಗೆ ಹೋಗಬೇಡ. ಏ, ಇವಳೇ!"

ಅವಳಿಗೆ ಕೇಳಲಿಲ್ಲ.

ಸಂತೆ ಮುಗಿಸಿ ಜನ ಕಟ್ಟೆಯ ಕಡೆ ಬರುತ್ತಿದ್ದರು. ಅವಳನ್ನು ಕಂಡು ಎರಡು ಕಡೆಗೆ ಸರಿದರು. ಕಿವಿಯಲ್ಲಿ ತಂತಿ ಇಟ್ಟುಕೊಂಡು ಬೀದಿಯಲ್ಲಿ ನಡೆದವರನ್ನು ಆ ಊರು ನೋಡಿದ್ದು ಅದೇ ಮೊದಲು. ಹಿರಿಯ ಅಡ್ಡ ನಿಂತು ಕೈ ಎತ್ತಿದ. "ತಾಯೀ, ಎಲ್ಲರ ಕಣ್ಣ ಮುಂದೆಯೇ!" ಎಂದ. ಅವಳು ಅವನನ್ನು ಸುತ್ತಿಕೊಂಡು ಹೋದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಯಾರೂ ತಳ್ಳದೆ, ಯಾರೂ ಹೇಳದೆ, ತಾನಾಗಿಯೇ ಜಾಲಿಮರದ ಕೆಳಗಿಂದ ಹೊರಗೆ ನಡೆದಳು.

ಹಿರಿಯ ಹಗ್ಗದವನ ಬೆನ್ನ ಮೇಲೆ ಕೈ ಇಟ್ಟ.

"ನೀನು ಹೇಳಿದ್ದೇ ನಿಜವಾಯಿತಪ್ಪ. ನಾವು ಮೂರು ಸಂತೆ ತಡ ಮಾಡಿದೆವು."

ಹಗ್ಗದವನು ಬಾಯಿ ತೆರೆದ. ಅದು ಅವಳ ಅಮ್ಮನ ಮಾತು ಎಂದು ಹೇಳಬಲ್ಲವನು ಊರಿನಲ್ಲಿ ಅವನೊಬ್ಬನೇ. ಹೇಳಿದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಅವನು ಬಾಯಿ ಮುಚ್ಚಿದ.

ಜನ ಊರಬಾಗಿಲಿಗೆ ನುಗ್ಗಿ ನಿಂತರು. ಬಾಗಿಲಿನಿಂದ ಹೊಳೆ ಕಾಣುತ್ತಿತ್ತು. ಹೊಳೆಯಲ್ಲಿ ದೋಣಿ ಇತ್ತು. ಅವಳು ಮೆಟ್ಟಿಲ ಕೊನೆಯಲ್ಲಿ ಕೈ ಎತ್ತಿದಳು. ದೋಣಿಯವನು ತಿರುಗಿಸಿದ. ಕಟ್ಟಲು ಏನೂ ಇಲ್ಲದ್ದರಿಂದ ದೋಣಿ ದಡದಲ್ಲಿ ನಿಲ್ಲಲಿಲ್ಲ. ಅವಳೂ ನಿಲ್ಲಲಿಲ್ಲ. ಹರಿಯುತ್ತಿರುವ ದೋಣಿಗೆ ಕಾಲಿಟ್ಟಳು. ಅವಳು ಬೀಳದ ಹಾಗೆ ದೋಣಿಯವನು ಕೈ ಹಿಡಿದು ಕೂರಿಸಿದ.

"ನೋಡಿದಿರಾ?" ಎಂದಳು ಒಬ್ಬಳು. "ದೋಣಿಯವನೇ."

"ಇವನು ಅವತ್ತೇ ಹೇಳಿದ್ದ ಪಾಪ" ಎಂದ ಕ್ಷೌರದವನು.

ಮೂರು ಸಂತೆ ಹಗಲೂ ಇರುಳೂ ಅವನ ಕಣ್ಣ ಮುಂದೆ ತೇಲಿದ್ದು ಇದೇ ಚಿತ್ರ. ಇದೇ ಹೊಳೆ, ಇದೇ ದೋಣಿ, ಇದೇ ಕೈ. ಈಗ ಊರೆಲ್ಲ ಅದನ್ನು ನೋಡುತ್ತಿತ್ತು. ಅವನು ದೋಣಿಯವನನ್ನು ನೋಡಲಿಲ್ಲ. ಅವಳ ಕಿವಿಯನ್ನೇ ನೋಡಿದ.

ದೋಣಿ ನಡುಹೊಳೆಗೆ ಹೋದಾಗ, ಅಳುತ್ತ ಕೂತಿದ್ದವಳು ಇದ್ದಕ್ಕಿದ್ದ ಹಾಗೆ ನಕ್ಕಳು. ಹಲ್ಲು ಕಾಣುವ ಹಾಗೆ, ಅಳತೆ ಇಲ್ಲದ ಹಾಗೆ. ಕೈಯಿಂದ ಗುಂಡಿಯನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಅತ್ತೆ ಏನೋ ಅಂದಿರಬೇಕು. ಸಾಯುವ ಮೊದಲು ಮಗಳನ್ನು ನಗಿಸಲು ಏನೋ.

ಯಾವ ಮಾತು ಅದು? ಎರಡನೆಯದರಲ್ಲೋ, ಐದನೆಯದರಲ್ಲೋ? ಅವನು ಕಣ್ಣು ಮುಚ್ಚಿ ನೆನೆದ. ಎರಡು ಗಂಟೆಯ ಹಿಂದೆ ಅದೇ ಮಾತು ಅವನ ಎರಡೂ ಕಿವಿಯಲ್ಲಿತ್ತು.

ದೋಣಿ ಆಚೆ ದಡದ ಹತ್ತಿರ ಸಣ್ಣದಾಯಿತು. ಅವನಿಗೆ ಹೊಟ್ಟೆ ಉರಿಯಿತು. ಸತ್ತವಳ ಮೇಲೆ.